ಏಳನೆಯ ಅಮಾವಾಸ್ಯೆಯ ಕಾಡಿಗೆ

ಬೈಲಹೊಂಗಲ,
ಶುಕ್ರವಾರ, ೨೧ ನವೆಂಬರ್ ೨೦೨೫

ಪ್ರೀತಿಯ ನಾಗರತ್ನಾ,

ಹೇಗಿದ್ದೀಯೆ? ಪುಣೆಯಲ್ಲಿ ಚಳಿ ಜೋರಾಗಿದೆ ಎಂದು ಪುಣೆ ಬಸ್ಸಿನ ಶಾನವಾಜ ಹೇಳಿದ. ಹೊರಗೆ ಚಳಿ, ಒಳಗೆ ನಿಮ್ಮ ಪ್ರಯೋಗಾಲಯದ ಏಸಿ, ನಡುವೆ ನೀನು. ಅವ್ವ ಕೊಟ್ಟ ಕೌದಿಯನ್ನು ಹೊದ್ದುಕೊಂಡೇ ಮಲಗು. ಜೊತೆಯವರು ನಕ್ಕರೆ ನಗಲಿ, ನಾಳೆ ನೆಗಡಿ ಬಂದರೆ ಮೂಗು ಒರೆಸಲು ಅವರು ಬರುವುದಿಲ್ಲ. ಮೊಣಕಾಲಿನ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಬಾಟಲಿಯನ್ನು ಕಪಾಟಿನಲ್ಲಿ ಪೂಜೆಗೆ ಇಟ್ಟಿದ್ದೀಯೋ? ಸಪ್ನಾಳನ್ನು ರವಿವಾರ ಕಿತ್ತೂರಿನ ಹಾಸ್ಟೆಲಿಗೆ ಹೋಗಿ ನೋಡಿ ಬಂದೆ. ಗಣಿತದಲ್ಲಿ ನಿನ್ನ ಮಗಳು, ಬಾಯಿಯಲ್ಲಿ ನನ್ನ ಮಗಳು. ವಾರ್ಡನ್ನಿಗೇ ಬುದ್ಧಿ ಹೇಳಲು ಹೋಗಿ ಬೈಸಿಕೊಂಡಿದ್ದಾಳಂತೆ. ಹಗಲೆಲ್ಲ ನಾನು ಅಂಗಡಿಯಲ್ಲಿ, ಅವ್ವ ಮನೆಯಲ್ಲಿ, ಇಬ್ಬರೂ ಆರಾಮ ಇದ್ದೇವೆ. ಅವ್ವನ ಮಾತು ಮೊದಲಿಗಿಂತ ಕಡಿಮೆಯಾಗಿದೆ. ಅದಕ್ಕಾಗಿ ನಾನು ಗುಡಿಗೆ ಹೋಗಿ ಒಂದು ಕಾಯಿ ಒಡೆಸಿಕೊಂಡು ಬಂದದ್ದನ್ನು ಅವಳಿಗೆ ಹೇಳಬೇಡ.

ಇನ್ನು ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ ಬರುತ್ತೇನೆ. ಹೋದ ವಾರ ನೀನು ಫೋನಿನಲ್ಲಿ ಹೇಳಿದ್ದೆ: “ಅಮಾಸಿ ದಿನಾ ಅತ್ತಿಯವರು ಕಾಡಿಗಿ ಮಾಡೂ ಮುಂದ ನೀವು ಖುದ್ದ ನಿಂತು ನೋಡ್ರಿ. ಕಂಡದ್ದಷ್ಟ ಬರೀರಿ. ಚಂದ ಮಾಡಾಕ ಹೋಗಬ್ಯಾಡ್ರಿ.” ನಿನ್ನೆ ಅಮಾವಾಸ್ಯೆ. ನಿಂತು ನೋಡಿದೆ. ಚಂದ ಮಾಡುವಂಥದ್ದು ಏನೂ ಉಳಿದಿಲ್ಲ, ಆದ್ದರಿಂದ ಕಡೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಕಾಡಿಗೆಯಲ್ಲಿ ಸಿಕ್ಕ ತವರದ ಲೋಹ ನಮ್ಮ ಮನೆಯದೇ. ಅದನ್ನು ಹಾಕಿಸಿದವನು ನಾನು. ನಿನ್ನೆ ಮಧ್ಯಾಹ್ನದಿಂದ ಅಂಗಡಿಯ ಮೇಲೆ ಲಕ್ಷ್ಯವಿಲ್ಲ. ಗಿರಾಕಿಯೊಬ್ಬಳು ಕೊಡ ಕೇಳಿದರೆ ಬೋಗುಣಿ ಕಟ್ಟಿಕೊಟ್ಟು ಕಳಿಸಿದ್ದೇನೆ. ಫೋನಿನಲ್ಲೇ ಹೇಳಿಬಿಡೋಣ ಎಂದು ಎರಡು ಸಲ ಹಚ್ಚಿದೆ. ನಿನ್ನ ದನಿ ಕೇಳಿದ ಕೂಡಲೇ “ಊಟಾ ಆತೇನು” ಎಂದು ಕೇಳಿ ಇಟ್ಟುಬಿಟ್ಟೆ. ಬೆಳಿಗ್ಗೆ ಎಂಟು ಗಂಟೆಗೆ ಊಟದ ವಿಚಾರ ಕೇಳಿದ ಗಂಡ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಬರೆಯುವಾಗ ನಿನ್ನ ಮುಖ ಎದುರಿಗಿಲ್ಲ, ಅದೇ ಧೈರ್ಯ.

ನೀನು ಕಾಲೇಜಿನ ಕೆಲಸಕ್ಕೆ ಮೂರು ವರ್ಷ ರಜೆ ಹಾಕಿ ಅಲ್ಲಿ ಮಾಡುತ್ತಿರುವುದನ್ನು ನಾನು ಎಷ್ಟು ತಿಳಿದುಕೊಂಡಿದ್ದೇನೆ ಎಂಬುದನ್ನೂ ಬರೆಯುತ್ತೇನೆ. ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆ. ನನ್ನ ತಿಳಿವಳಿಕೆಯೇ ತಪ್ಪಾಗಿದ್ದರೆ ನನ್ನ ತಪ್ಪೊಪ್ಪಿಗೆಯೂ ತಪ್ಪಾಗಲಿ ಎಂಬ ಸಣ್ಣ ಆಸೆ ಇದೆ. ಇದ್ದಿಲು, ಕಾಡಿಗೆ, ಪೆನ್ಸಿಲಿನ ಮುಳ್ಳು, ಎಲ್ಲ ಒಂದೇ ಇಂಗಾಲ. ಆ ಇಂಗಾಲ ಒಂದೇ ಪರಮಾಣುವಿನಷ್ಟು ತೆಳ್ಳಗಿನ ಹಾಳೆಯಾಗಿ ಹರಡಿದರೆ ಅದರಲ್ಲಿ ಜೇನುಹುಟ್ಟಿನ ಹಾಗೆ ಆರು ಮೂಲೆಯ ಮನೆಗಳು. ಹಾಳೆ ಸುರುಳಿ ಸುತ್ತಿಕೊಂಡರೆ ಕೊಳವೆ. ಕೂದಲನ್ನು ಐವತ್ತು ಸಾವಿರ ಸಲ ಸೀಳಿದರೆ ಸಿಗುವ ಒಂದು ಎಳೆಯಷ್ಟು ದಪ್ಪ. ನೀನು ಅದಕ್ಕೆ ನ್ಯಾನೋ ಕೊಳವೆ ಎನ್ನುತ್ತೀ. ಹೋದ ವರ್ಷ ನೀನು ನನ್ನ ಚೌಕಡಿ ಟವೆಲ್ಲನ್ನು ಅಂಗಡಿಯಲ್ಲಿ ದುಡ್ಡು ಎಣಿಸುವ ಗಲ್ಲೆಯ ಮೇಲೆ ಹಾಸಿ ಸುತ್ತಿ ತೋರಿಸಿದ್ದೆ. ನೆಟ್ಟಗೆ ಸುತ್ತಿದರೆ ಚೌಕಗಳು ಒಂದಕ್ಕೊಂದು ಕೂಡಿ ಬಳೆಗಳಾದವು, ಓರೆಯಾಗಿ ಸುತ್ತಿದರೆ ಗೆರೆಗಳು ತಿರುಪಿನ ಹಾಗೆ ಮೇಲೇರಿದವು. ಅದೇ ಟವೆಲ್ಲು, ಅದೇ ನೂಲು, ಸುತ್ತುವ ಓರೆಯೊಂದೇ ಬೇರೆ. ನೆಟ್ಟನೆಯ ಸುತ್ತಿನ ಕೊಳವೆಯಲ್ಲಿ ವಿದ್ಯುತ್ತು ತಾಮ್ರದ ತಂತಿಯಲ್ಲಿ ಹರಿದಂತೆ ಹರಿಯುತ್ತದೆ. ಓರೆ ಸುತ್ತಿನ ಬಹುಪಾಲು ಕೊಳವೆಗಳಲ್ಲಿ ತಡೆದು ನಿಲ್ಲುತ್ತದೆ, ಕಾಯಿಸಿದರಷ್ಟೇ ಹೆಜ್ಜೆ ಮುಂದಿಡುತ್ತದೆ. ಲೋಕದಲ್ಲಿ ಯಾರು ಮಾಡಿದರೂ ಎರಡೂ ಕಲಬೆರಕೆಯಾಗಿಯೇ ಹುಟ್ಟುತ್ತವೆ, ಆರಿಸಿ ಬೇರೆ ಮಾಡುವುದೇ ವಿಜ್ಞಾನಿಗಳಿಗೆಲ್ಲ ತಲೆನೋವು. ನೀನು ಇದನ್ನು ಹೇಳಿ ಮುಗಿಸಿದಾಗ ನಾನು ಟವೆಲ್ಲು ಕೊಡು, ಮುಖ ಒರೆಸಿಕೊಳ್ಳಬೇಕು ಎಂದಿದ್ದೆ. ಆ ದಿನ ನೀನು ಮಾತು ಬಿಟ್ಟದ್ದು ನ್ಯಾಯವೇ.

ಅವ್ವ ಮಾಡಿದ ಕಾಡಿಗೆಯನ್ನು ನೀನು ತಮಾಷೆಗೆಂದು ಅಲ್ಲಿಯ ದೊಡ್ಡ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಮಸಿಯ ನಡುವೆ ಉದ್ದುದ್ದ ಕೊಳವೆಗಳು ಕಂಡವು. ನಿನ್ನ ಗೈಡ್ ಕುರ್ಚಿಯಿಂದ ಎದ್ದು ನಿಂತರಂತೆ. ಅಂದಿನಿಂದ ಅವ್ವನಿಗೂ ಸಂಶೋಧನೆ ಹತ್ತಿಕೊಂಡಿತು. ಪ್ರತಿ ಅಮಾವಾಸ್ಯೆಗೆ ಒಂದು ಶೀಸೆ ಕಾಡಿಗೆ ಶಾನವಾಜನ ಬಸ್ಸಿನಲ್ಲಿ ಪುಣೆಗೆ. ನೀನು ಕೈಯಿಂದ ಬರೆದುಕೊಟ್ಟ ನಿಯಮಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ: ಅದೇ ಔಡಲೆಣ್ಣೆ, ಅದೇ ಹಳೆಯ ಬಿಳಿ ಧೋತರದ ಬತ್ತಿ, ಗರಗದ ಸೊಪ್ಪಿನ ರಸದಲ್ಲಿ ಮೂರು ಸಲ ಅದ್ದಿ ನೆರಳಿಗೆ ಒಣಗಿಸಿದ್ದು, ದೀಪದ ಮೇಲೆ ಬೋರಲು ಹಾಕಲು ಅದೇ ಹಿತ್ತಾಳೆಯ ಗಂಗಾಳ. ಏನನ್ನೂ ಬದಲಿಸಕೂಡದು. ಮೊದಲ ಆರು ಅಮಾವಾಸ್ಯೆಯ ಕಾಡಿಗೆಯನ್ನು ಕಾಯಿಸಿದಂತೆ ವಿದ್ಯುತ್ತಿನ ತಡೆ ಇಳಿಯುತ್ತ ಹೋಯಿತು, ಅಂದರೆ ಹೆಚ್ಚಿನವು ಓರೆ ಸುತ್ತಿನವು. ಏಳನೆಯ ಸಲ, ಶಿವರಾತ್ರಿಯ ಅಮಾವಾಸ್ಯೆಗೆ, ನೀನೇ ಹೇಳಿ ಬತ್ತಿಯನ್ನು ಮೂರರ ಬದಲು ಏಳು ಸಲ ಅದ್ದಿಸಿದೆ. ಗೆರೆ ತಿರುಗಿಬಿಟ್ಟಿತು. ಕಾಯಿಸಿದರೆ ತಡೆ ಏರಿತು, ಲೋಹದಲ್ಲಿ ಏರುವ ಹಾಗೆ. ಎಂಟನೆಯದರಲ್ಲಿ ಇನ್ನೂ ಚೆನ್ನಾಗಿ ಹರಿಯಿತು, ಒಂಬತ್ತರಲ್ಲಿ ಅದಕ್ಕಿಂತ. ಹನ್ನೆರಡರ ತನಕ ಏಣಿಯ ಮೆಟ್ಟಿಲಿನಂತೆ ಮೇಲೇರಿದ ಆರು ಚುಕ್ಕೆಗಳ ಚಿತ್ರ ನೀನು ಕಳಿಸಿದ್ದೆ. ಅದನ್ನು ದೊಡ್ಡದು ಮಾಡಿಸಿ ಗಲ್ಲೆಯ ಹಿಂದೆ ಹಚ್ಚಿದ್ದೇನೆ. ಕೇಳಿದವರಿಗೆಲ್ಲ, ಕೇಳದವರಿಗೂ, “ನಮ್ಮಾಕಿ ಮಾಡಿದ್ದು” ಎಂದು ಹೇಳಿದ್ದೇನೆ. ಬರೀ ಬತ್ತಿಯ ರಸದಿಂದ ನೆಟ್ಟನೆಯ ಕೊಳವೆಗಳನ್ನಷ್ಟೇ ಹುಟ್ಟಿಸಬಹುದು ಎಂದು ನೀನು ಪ್ರಬಂಧ ಬರೆದೆ. ನಿನ್ನ ಪಿಎಚ್.ಡಿ.ಗೆ ಅದೇ ಬೆನ್ನೆಲುಬು ಎಂಬುದು ನನಗೆ ಗೊತ್ತು.

ಆಮೇಲೆ ಪ್ರಬಂಧವನ್ನು ಪರೀಕ್ಷಿಸುವವರು ಆ ಪ್ರಶ್ನೆ ಕೇಳಿದರು. ಏಳರಿಂದ ಈಚೆಗಿನ ಕಾಡಿಗೆಯಲ್ಲಿ ತವರದ ಕಣಗಳಿವೆ, ಆಮ್ಲದಲ್ಲಿ ತೊಳೆದರೂ ಹೋಗದೆ ಮಸಿಯ ಒಳಗೆ ಅಡಗಿ ಕೂತಿವೆ, ವಿದ್ಯುತ್ತು ಹರಿಯುತ್ತಿರುವುದು ಕೊಳವೆಯಲ್ಲೋ ತವರದಲ್ಲೋ? ಸೋಮವಾರದೊಳಗೆ ಉತ್ತರ ಬೇಕು. ನೀನು ಫೋನು ಮಾಡಿ “ಗಂಗಾಳ ಬದಲಿ ಮಾಡೀರೇನು” ಎಂದು ಕೇಳಿದೆ. ನಾನು ಎದೆ ಮುಟ್ಟಿಕೊಂಡು ಇಲ್ಲ ಎಂದೆ. ನೀನು ಮತ್ತೆ ಕೇಳಿದೆ. ಪಾತ್ರೆ ಭಾಂಡೆಯ ಅಂಗಡಿಯವನಿಗೆ ಗಂಗಾಳದ ವಿಚಾರ ಎರಡು ಸಲ ಕೇಳುತ್ತೀಯಾ ಎಂದು ನಾನು ಸಿಟ್ಟು ಮಾಡಿದೆ. ಆ ಮೇಲೆ ತವರ ಹುಡುಕುತ್ತ ಊರೆಲ್ಲ ಅಲೆದೆ. ನಲ್ಲಿ ಬಿಚ್ಚಿಸಿದೆ. ಶೀಸೆಯ ಮುಚ್ಚಳ ಕೆರೆದು ನೋಡಿದೆ. ಎಣ್ಣೆಯ ಡಬ್ಬಿಗೆ ಬೆಸುಗೆ ಹಾಕಿಸಿದ್ದೀಯಾ ಎಂದು ಗಾಣದ ಭರಮಪ್ಪನ ಜೊತೆ ನಾಲ್ಕು ಮಂದಿಯ ಎದುರು ಜಗಳ ತೆಗೆದೆ. ಅವನು ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎನ್ನುತ್ತಾರಲ್ಲ, ಆ ಮಾತು ನನಗಾಗಿಯೇ ಹುಟ್ಟಿದ್ದು.

ನಿನ್ನೆಯದು ಬರೆಯುತ್ತೇನೆ. ಕಾಡಿಗೆಯ ದೀಪ ಉರಿಯುವ ಕೋಣೆಗೆ ಗಂಡಸರು ಹೋಗಬಾರದು ಎಂಬುದು ನಮ್ಮ ಮನೆತನದ ರೂಢಿ, ನಿನಗೆ ಗೊತ್ತಿದ್ದದ್ದೇ. ಕೂಸಿದ್ದಾಗಿನಿಂದ ಅವ್ವನ ಕಾಡಿಗೆ ಹಚ್ಚಿಸಿಕೊಂಡವನು ನಾನು, ನಲವತ್ತೇಳು ವರ್ಷವಾದರೂ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಇಂದು ನಿಂತು ನೋಡುತ್ತೇನೆ, ನಾಗರತ್ನಾ ಹೇಳಿದ್ದಾಳೆ ಎಂದು ಬೆಳಿಗ್ಗೆಯೇ ಅಂದೆ. ಅವ್ವ “ಒಲ್ಲೆಪಾ, ಕಣ್ಣಿಗೆ ಗುಣಾ ಬರೂದಿಲ್ಲ” ಎಂದಳು. ವಿಜ್ಞಾನಕ್ಕೆ ಗಂಡಸು ಹೆಂಗಸು ಇಲ್ಲ ಎಂದು ನಾನು ಭಾಷಣ ಬಿಗಿದೆ. ಅವಳು ಬಾಗಿಲು ಮುಂದೆ ಮಾಡಿಕೊಂಡಳು. ಒಂಬತ್ತಕ್ಕೆ ದೀಪ ಹಚ್ಚಿದ ವಾಸನೆ ಬಂತು. ಹನ್ನೆರಡರ ತನಕ ಪಡಸಾಲೆಯಲ್ಲಿ ಕೂತಿದ್ದು, ಗಂಗಾಳ ಇಳಿಸಿದ ಸಪ್ಪಳ ಕೇಳಿದ ಮೇಲೆ ಇನ್ನು ದೀಪವಿಲ್ಲ, ರೂಢಿಯೂ ಮುರಿಯುವುದಿಲ್ಲ ಎಂದುಕೊಂಡು ಮೆಲ್ಲನೆ ಬಾಗಿಲು ದೂಡಿದೆ. ಅವ್ವ ಬಾಗಿಲಿಗೆ ಮುಖ ಮಾಡಿ, ಗಂಗಾಳ ಹೊತ್ತಿದ್ದ ಮೂರು ಇಟ್ಟಿಗೆಗಳ ಪಕ್ಕದಲ್ಲಿ, ಗಂಗಾಳವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಮುಖ ಎತ್ತಿ “ಯಾರು, ಕೆಂಚವ್ವ ಬಂದಿ ಏನ” ಎಂದಳು. ಹೆಂಗಸರ ಕೋಣೆಗೆ ಬಂದ ಗಂಡಸಿಗೆ ನೆರೆಮನೆಯ ಕೆಂಚವ್ವನ ಹೆಸರಿಟ್ಟು ಕೊಂಕು ಆಡಿದಳು ಎಂದುಕೊಂಡು ನಾನು ನಕ್ಕೆ. ಆಮೇಲೆ ಅವಳ ಕೈಯ ಕಡೆ ನೋಡಿದೆ. ನಗು ಅಲ್ಲೇ ನಿಂತಿತು.

ನವಿಲುಗರಿಯಿಂದ ಮೆಲ್ಲಗೆ ಸವರಿ ಮಸಿ ಉದುರಿಸಬೇಕು ಎಂದು ನೀನು ಬರೆದಿದ್ದೀ. ಅವ್ವನೂ ಮೊದಲಿನಿಂದ ಹಾಗೇ ಮಾಡುತ್ತಿದ್ದಳು ಎಂದು ನೀನೇ ಹೇಳಿದ್ದ ನೆನಪು. ನಿನ್ನೆ ಅವಳ ಕೈಯಲ್ಲಿ ಇದ್ದದ್ದು ಸ್ಟೀಲಿನ ಚಮಚ. ಕರ್ ಕರ್ ಎಂದು, ತಳ ಹಿಡಿದ ಅನ್ನ ಕೆರೆದ ಹಾಗೆ ಕೆರೆಯುತ್ತಿದ್ದಳು. ಮಸಿ ಹೋದ ಜಾಗದಲ್ಲೂ ಕೆರೆಯುತ್ತಿದ್ದಳು. ನಾನು ಗಂಗಾಳ ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಬೆಳ್ಳಗಿನ ಮೈಯ ಮೇಲೆ ಹಳದಿ ಗೀರುಗಳು, ನೂರಾರು. ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಆ ಬೆಳ್ಳಗಿನದು ಏನು ಎಂದು ನನ್ನನ್ನು ಯಾರೂ ಕೇಳಬೇಕಾಗಿರಲಿಲ್ಲ. ಅದು ಕಲಾಯಿ, ನಾಗರತ್ನಾ. ಕಲಾಯಿ ಎಂದರೆ ತವರ. ಇಪ್ಪತ್ತೆರಡು ವರ್ಷದಿಂದ ಈ ಬಜಾರಿನಲ್ಲಿ ಕಲಾಯಿಯ ಪಾತ್ರೆ ಮಾರಿಕೊಂಡು ಉಂಡವನಿಗೆ ತವರ ಎಲ್ಲಿಂದ ಬಂತು ಎಂದು ತಿಳಿಯಲು ಎಂಟು ದಿನ ಬೇಕಾಯಿತು. ನಾನು ಸಿಟ್ಟಿನಲ್ಲಿ ಅವ್ವನ ಮೇಲೆ ಹರಿಹಾಯ್ದೆ: “ಗರಿ ಎಲ್ಲಿ ಒಗದಿ? ಹಿಂಗ ಕೆರಿಯಾಕ ಯಾರು ಹೇಳಿದರು ನಿನಗ?” ಅವ್ವ “ಗರಿ ಹಳೇದಾತಪಾ” ಎಂದಳು. ಅಷ್ಟೇ.

ಈಗ ನನ್ನ ಪಾಲು. ಪ್ರತಿ ಶಿವರಾತ್ರಿಗೆ ಬುರಾನಸಾಬ ನಮ್ಮ ಅಂಗಡಿಯ ಮುಂದೆ ತಿದಿ ಹೂಡಿ ಊರವರ ಪಾತ್ರೆಗಳಿಗೆ ಕಲಾಯಿ ಹಾಕುತ್ತಾನಲ್ಲ, ಈ ವರ್ಷವೂ ಹೂಡಿದ. ಮನೆಯ ಪಾತ್ರೆಗಳನ್ನೆಲ್ಲ ಒಯ್ದು ಕೊಟ್ಟೆ. ಕಪಾಟಿನ ಮೇಲೆ ಈ ಗಂಗಾಳವೂ ಕಂಡಿತು; ಹಳೆಯ ಕಲಾಯಿ ಅಜ್ಜಿಯ ಕಾಲಕ್ಕೇ ಸವೆದು ಹೋಗಿ ಬರೀ ಹಿತ್ತಾಳೆ ಉಳಿದಿತ್ತು, ಅಂಚಿಗೆ ಹಸಿರು ಕಿಲುಬು. ಹೆಂಡತಿಯ ವಿಜ್ಞಾನಕ್ಕೆ ಹೋಗುವ ಗಂಗಾಳಕ್ಕೆ ಕಿಲುಬು ಇರಬಾರದು ಎನಿಸಿತು. ಅಂಗಡಿಯ ಉಗ್ರಾಣದಲ್ಲಿ ಕೂಡಿಟ್ಟ ಒಳ್ಳೆಯ ತವರದ ಕಡ್ಡಿ ನಾನೇ ತೆಗೆದುಕೊಟ್ಟು “ಇದಕ್ಕ ಎರಡ ಸಲ ಹಾಕು, ಪುಣೆಕ್ಕ ಹೋಗೂ ಕೆಲಸದ್ದು” ಎಂದೆ. ಬುರಾನಸಾಬ ನವಸಾಗರದ ಪುಡಿ ಉದುರಿಸಿ, ಕಡ್ಡಿ ಎಳೆದು, ಅರಿವೆಯಿಂದ ಒಂದು ಸುತ್ತು ಒರೆಸಿದ. ಮುಖ ನೋಡಿಕೊಳ್ಳುವ ಹಾಗೆ ಹೊಳೆಯಿತು. ನಾನು ಹೆಮ್ಮೆಯಿಂದ ಒಯ್ದು ಕಪಾಟಿನ ಮೇಲೆ ಇಟ್ಟೆ. ನಿನಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಸ್ನಾನ ಮಾಡಿ ಗುಡಿಗೆ ಹೋದೆ ಎಂದು ಯಾರಾದರೂ ಹೇಳುತ್ತಾರೆಯೇ? ಕಲಾಯಿ ಹಾಕಿಸುವುದು ಪಾತ್ರೆಗೆ ಏನನ್ನೋ ಸೇರಿಸುವುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಮ್ಮ ಬಜಾರಿನಲ್ಲಿ ಅದು ಶುದ್ಧ ಮಾಡುವುದು. ನೀನು ಗಂಗಾಳ ಬದಲಾಯಿತೇ ಎಂದು ಕೇಳಿದಾಗ ಬದಲಾಗಿಲ್ಲ ಎಂದೆ, ಅದೇ ಗಂಗಾಳ, ಅಜ್ಜಿಯ ಹೆಸರು ಕೆತ್ತಿದ್ದು ಹಾಗೇ ಇದೆ. ನೀನು ಬತ್ತಿಯನ್ನು ಏಳು ಸಲ ಅದ್ದಿಸಿದ ತಿಂಗಳೂ ನಾನು ಕಲಾಯಿ ಹಾಕಿಸಿದ ತಿಂಗಳೂ ಒಂದೇ. ನೀನು ಬತ್ತಿಯ ಕಡೆ ನೋಡಿದೆ. ನೋಡದೆ ಏನು ಮಾಡೀ?

ನಿನ್ನಿಂದ ಏನನ್ನೂ ಮುಚ್ಚಿಡಬಾರದು ಎಂದು ಕೂತಿದ್ದೇನೆ, ಆದ್ದರಿಂದ ಇದನ್ನೂ ಬರೆಯುತ್ತೇನೆ. ನಿನ್ನೆ ಸಂಜೆ ಒಂದು ಗಳಿಗೆ ಕೆಟ್ಟ ವಿಚಾರ ಬಂತು. ಈ ಗಂಗಾಳವನ್ನು ಬುರಾನಸಾಬನ ಒಲೆಗೆ ಹಿಡಿದು ಉಳಿದ ಕಲಾಯಿ ಒರೆಸಿ ತೆಗೆಸಿದರೆ ಯಾರಿಗೆ ತಿಳಿಯುತ್ತದೆ? ತವರ ಪ್ರಯೋಗಾಲಯದ ಬೆಸುಗೆಯಿಂದ ಬಂದಿರಬಹುದು ಎಂದು ನೀನೇ ಒಮ್ಮೆ ಅಂದಿದ್ದೆ. ಹಾಗೇ ಉತ್ತರ ಬರೆದರೆ ಪ್ರಬಂಧ ಪಾರಾದೀತು. ಎದ್ದು ಚಪ್ಪಲಿಯನ್ನೂ ಮೆಟ್ಟಿಕೊಂಡೆ. ಬಾಗಿಲ ತನಕ ಹೋಗಿ ವಾಪಸು ಬಂದೆ. ನೀನು ನನ್ನ ಮೇಲೆ ಸಿಟ್ಟಾದರೆ ತಡೆದುಕೊಳ್ಳುತ್ತೇನೆ. ನಾಳೆ ಯಾವುದೋ ದೇಶದಲ್ಲಿ ಯಾರೋ ಏಳು ಸಲ ಬತ್ತಿ ಅದ್ದಿ ಕೂತು, ಏನೂ ಹರಿಯದೆ, ನಿನ್ನ ಹೆಸರು ಹಿಡಿದು ನಕ್ಕರೆ ಅದನ್ನು ತಡೆದುಕೊಳ್ಳಲು ನನ್ನಿಂದಾಗದು. ಆದ್ದರಿಂದ ಗಂಗಾಳವನ್ನು ಒಂದು ಗೀರೂ ಒರೆಸದೆ, ಹಾಗೇ ಬಟ್ಟೆಯಲ್ಲಿ ಸುತ್ತಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ನಿನ್ನೆಯ ಕಾಡಿಗೆ ಶೀಸೆಯಲ್ಲಿದೆ, ಚಮಚವನ್ನೂ ಇಟ್ಟಿದ್ದೇನೆ. ಕಲಾಯಿ ಇಲ್ಲದ ಹೊಸ ಮಣ್ಣಿನ ತಾಟಿನ ಮೇಲೆ ಏಳು ಸಲ ಅದ್ದಿದ ಬತ್ತಿಯಿಂದ ಮತ್ತೆ ಮಾಡಿ ನೋಡಿದರೆ ನಿನ್ನ ಮಾತು ನಿಜವೋ ಸುಳ್ಳೋ ತಿಳಿಯುತ್ತದೆ ಎಂದು ನನಗೆ ತೋರುತ್ತದೆ. ನಿಜವಾಗಿಯೂ ಇರಬಹುದಲ್ಲ? ಆದರೆ ಸೋಮವಾರದೊಳಗೆ ಅದು ಆಗದು, ಇದೂ ನನಗೆ ತಿಳಿಯುತ್ತದೆ.

ಅವ್ವನಿಗೆ ರಾತ್ರಿ ಊಟಕ್ಕೆ ಮೊದಲು ತಿಳಿಯಾಗಿ ಹೇಳಿದೆ, ತಪ್ಪು ನನ್ನದು, ಕಲಾಯಿಯದು ಎಂದು. ಅವಳು ಕೇಳಿದ್ದು ಒಂದೇ: “ಹಂಗಾರ ನಾಗವ್ವನ ಪರೀಕ್ಷಾ ಕೆಟ್ಟತೇನು?” ಕೆಟ್ಟಿಲ್ಲ, ತಡವಾಗುತ್ತದೆ ಎಂದೆ. ಕೈ ತೊಳೆದು ಎದ್ದುಬಿಟ್ಟಳು, ಉಣ್ಣಲಿಲ್ಲ. ಇವತ್ತು ಬೆಳಿಗ್ಗೆಯೂ ಅರ್ಧ ರೊಟ್ಟಿ. ನೀನು ಅವಳಿಗೆ ಒಂದು ಮಾತು ಹೇಳಿದರೆ ಸರಿಹೋದಾಳು. ನನಗೆ ಹೇಳಬೇಕಾದದ್ದನ್ನು ಒಂದೇ ಸಲಕ್ಕೆ ಹೇಳು, ಕಂತಿನಲ್ಲಿ ಬೇಡ. ನಿನ್ನ ಗೈಡಿಗೆ ನನ್ನ ನಮಸ್ಕಾರ ತಿಳಿಸು, ಮುಖ ತೋರಿಸಲು ಮಾತ್ರ ಕರೆಯಬೇಡ. ಎಣ್ಣೆ ಹಚ್ಚಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಮುರಗೋಡದ ಮಠದ ಅಜ್ಜನವರು ನಿನ್ನ ಬೆನ್ನಿಗಿರಲಿ ಎಂದು ಅವ್ವ ದಿನಾ ಬೇಡಿಕೊಳ್ಳುತ್ತಾಳೆ, ನಾನೂ ಪಕ್ಕದಲ್ಲಿ ಕೈ ಮುಗಿದು ನಿಲ್ಲುತ್ತೇನೆ.

ನಿನ್ನ ತಲೆಕೆಟ್ಟ ಗಂಡ,
ವಿರೂಪಾಕ್ಷ

ಶನಿವಾರ, ಮೂರೂವರೆ ಗಂಟೆ. ಐದಕ್ಕೆ ಶಾನವಾಜನ ಬಸ್ಸು, ಅವನು ಅಂಗಡಿಯ ಮುಂದೆ ಬಂದು ನಿಂತಿದ್ದಾನೆ. ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಕೂಡಿಸಿಕೊಂಡು ಓದು. ಗಂಗಾಳ ಕಟ್ಟುವ ಮೊದಲು ಒಮ್ಮೆ ತೋರಿಸೋಣ ಎಂದು ಬೆಳಿಗ್ಗೆ ಬುರಾನಸಾಬನ ಹತ್ತಿರ ಒಯ್ದೆ. ಅವನು ಬೆಳಕಿಗೆ ಹಿಡಿದು, ಬೆರಳಾಡಿಸಿ, “ಸಾವಕಾರ್ರ, ಇದು ಸವದದ್ದಲ್ರಿ, ಕೆರದದ್ದು. ಕಣ್ಣಿದ್ದವರು ಹಿಂಗ ಕೆರಿಯೂದಿಲ್ರಿ” ಎಂದ. ಅವನು ಮಾತಿಗೆ ಅಂದದ್ದು. ನಾನು ಗಂಗಾಳ ಕಸಿದುಕೊಂಡೆ. ಮನೆಗೆ ಓಡಿದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಬಲಗಡೆಗೆ ಸಪ್ಪಳ ಮಾಡದೆ ನಿಂತೆ, ತಿರುಗಲಿಲ್ಲ. ಕೆನ್ನೆಯ ಹತ್ತಿರ ಕೈ ಒಯ್ದೆ, ರೆಪ್ಪೆ ಬಡಿಯಲಿಲ್ಲ. ನಾಗರತ್ನಾ, ಅವ್ವನಿಗೆ ಕಣ್ಣು ಕಾಣುವುದಿಲ್ಲ. ಮೊನ್ನೆ ಕೆಂಚವ್ವ ಎಂದದ್ದು ಕೊಂಕಲ್ಲ. ಒಂದೇ ಮನೆಯಲ್ಲಿ ಇದ್ದು, ದಿನಾ ಅವಳ ಕೈಯಿಂದ ಬಡಿಸಿಕೊಂಡು ಉಂಡು, ನಾನು ನೋಡಲಿಲ್ಲ.

ಕಾಲು ಹಿಡಿದು ಕೇಳಿದ ಮೇಲೆ ಹೇಳಿದಳು. ಶಿವರಾತ್ರಿಯ ಹಿಂದೆ ಮುಂದೆ ಶುರುವಾದದ್ದಂತೆ, ತಿಂಗಳು ತಿಂಗಳಿಗೆ ಕತ್ತಲು ಹೆಚ್ಚುತ್ತ ಬಂತಂತೆ. ಗರಿಯಿಂದ ಸವರಿದರೆ ಮಸಿ ಬಂತೋ ಇಲ್ಲವೋ ಕಾಣುತ್ತಿರಲಿಲ್ಲ, ನಿನ್ನ ಶೀಸೆ ತುಂಬದೆ ಹೋದೀತು ಎಂದು ಹೆದರಿದಳು. “ಗರಿ ಸಪ್ಪಳಾ ಮಾಡೂದಿಲ್ಲೋ ತಮ್ಮಾ. ಚಮಚಾ ಮಾಡತೈತಿ. ಮಸಿ ಇದ್ದಲ್ಲೆ ಸುಮ್ಮನ ಇರತೈತಿ, ಮಸಿ ಹೋತಂದ್ರ ಕರ್ ಅಂತೈತಿ. ಕಿವೀಲೆ ನೋಡಿಕೊಂಡು ಮಾಡೀನಿ.” ಹೇಳಲಿಲ್ಲ ಏಕೆ ಎಂದರೆ, “ಹೇಳಿದ್ರ ಆಕಿ ಓದು ಬಿಟ್ಟು ಓಡಿ ಬರತಿದ್ದಳು” ಎಂದಳು. ನೀನು ಕಳಿಸಿದ ಆ ಚಿತ್ರ ಗಲ್ಲೆಯ ಹಿಂದೆ ನನ್ನನ್ನೇ ನೋಡುತ್ತಿದೆ. ಕಣ್ಣು ಕಾಣದಷ್ಟೂ ಕೆರೆತ, ಕೆರೆದಷ್ಟೂ ತವರ: ಏಳರಲ್ಲಿ ತುಸು, ಎಂಟರಲ್ಲಿ ಹೆಚ್ಚು, ಹನ್ನೆರಡರಲ್ಲಿ ಎಲ್ಲಕ್ಕಿಂತ ಹೆಚ್ಚು. ಅವ್ವನ ಕಣ್ಣು ಎಷ್ಟೆಷ್ಟು ಇಳಿಯಿತೋ ನಿನ್ನ ಚುಕ್ಕೆ ಅಷ್ಟಷ್ಟು ಏರಿದೆ.

ಮಧ್ಯಾಹ್ನವೇ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಒಳಗೆ ಒತ್ತಡ ಏರಿ ನರ ಒಣಗಿದೆಯಂತೆ. ಬಲಗಣ್ಣು ಹೋಯಿತು, ಮರಳುವುದಿಲ್ಲ. ಎಡಗಣ್ಣಿನಲ್ಲಿ ಕೀಲಿಯ ತೂತಿನಷ್ಟು ಉಳಿದಿದೆ, ಅದನ್ನು ಉಳಿಸಿಕೊಳ್ಳಲು ಬುಧವಾರ ಆಪರೇಷನ್ ಆಗಲೇಬೇಕು. ಅವ್ವ ಒಲ್ಲೆ ಎನ್ನುತ್ತಾಳೆ. ಹೊಸ ತಾಟಿನ ಮೇಲೆ ಇನ್ನೊಂದು ಶೀಸೆ ಮಾಡಿ ಕಳಿಸಿದ ಮೇಲೆ ನೋಡೋಣ ಎನ್ನುತ್ತಾಳೆ. ನಿನಗೆ ತಿಳಿಸಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ನನ್ನ ಮಾತು ಕೇಳುವುದಿಲ್ಲ, ನಿನ್ನದು ಕೇಳುತ್ತಾಳೆ. ಇದನ್ನು ಓದಿದ ಕೂಡಲೇ ಅವಳಿಗೆ ಫೋನು ಮಾಡು. ನಾನು ಹೇಳಿದೆ ಎನ್ನಬೇಡ. ನಿನ್ನ ಯಂತ್ರ ಹೇಳಿತು ಎನ್ನು. ಅದು ಸುಳ್ಳೂ ಅಲ್ಲ.